ಬರಿ ಬೇರಿಂಗನ್ನೇ ಚಕ್ರ ಮಾಡಿದಾಗ: ಒಂದು ಸಿಸರ್ ಲಿಫ್ಟ್ ರಿಪೇರಿ

ಲಿಫ್ಟ್ ಅರ್ಧಕ್ಕಿಂತ ಮೇಲೆ ಹೋದಮೇಲೆ ಟಕ್, ಟಕ್ ಅಂತ ಸದ್ದು. ಹೊರೆ ಇದ್ದಾಗ ಮಾತ್ರ. ಖಾಲಿ ಇದ್ದರೆ ಏನೂ ಇಲ್ಲ. ಮೂರು ವಾರದ ಹಿಂದೆ ನಾನೇ ನಾಲ್ಕೂ ಕಡೆ ಹೊಸ ಬೇರಿಂಗ್ ಹಾಕಿದ್ದೆ. ಅದಕ್ಕೇ ಮೊದಲು ಪಂಪ್ ಮೇಲೆ ಅನುಮಾನ ಬಂತು, ಆಮೇಲೆ ಸಿಲಿಂಡರ್ ಪಿನ್ ಮೇಲೆ. ಕೊನೆಗೆ ಟಾರ್ಚ್ ಹಿಡಿದು ನೋಡಿದರೆ ಕೆಳಗಿನ ಎಡ ರೋಲರ್‌ನ ಔಟರ್ ರಿಂಗ್ (ಬೇರಿಂಗ್‌ನ ಹೊರ ಬಳೆ) ಅಡ್ಡಕ್ಕೆ ಸೀಳಿತ್ತು.

ಮೆಷಿನ್ ಬಗ್ಗೆ ಮೊದಲು ಹೇಳುತ್ತೇನೆ. 1000 ಕಿಲೋ ಎತ್ತುವ ಸಿಸರ್ ಲಿಫ್ಟ್ ಟೇಬಲ್, ಅಂದರೆ ಕತ್ತರಿಯ ಹಾಗೆ ಅಡ್ಡ ಹಾಯುವ ತೋಳುಗಳ ಮೇಲೆ ಏರಿಳಿಯುವ ಹಲಗೆ. ಮೇಲಿನ ಹಲಗೆ 1300 ಎಂಎಂ ಉದ್ದ. ಎರಡು ಜೊತೆ ತೋಳು, ಪಿನ್‌ನಿಂದ ಪಿನ್‌ಗೆ 1200 ಎಂಎಂ. ಒಂದು ತುದಿಯಲ್ಲಿ ಹಿಂಜ್, ಇನ್ನೊಂದು ತುದಿಯಲ್ಲಿ ಚಾನೆಲ್ (ಒಂದು ಬದಿ ತೆರೆದ, ಅಡ್ಡ ಮಲಗಿದ U ಆಕಾರದ ಉಕ್ಕು) ಒಳಗೆ ಓಡುವ ರೋಲರ್. ಕೆಳಗೆ ಎರಡು, ಮೇಲೆ ಎರಡು, ಒಟ್ಟು ನಾಲ್ಕು ರೋಲರ್.

ಮೂಲದಲ್ಲಿ ಇದಕ್ಕೆ ಕಂಚಿನ ಬುಶ್ (ಪಿನ್ ಸುತ್ತ ಕೂರುವ ಕೊಳವೆ) ಇರುವ ಉಕ್ಕಿನ ಚಕ್ರಗಳಿದ್ದವು. ಬುಶ್ ಸವೆದಾಗ ಯಾರೋ ಅವನ್ನು ತೆಗೆದು, ಅಳತೆ ಹೊಂದುತ್ತದೆ ಅಂತ 6204 ಬಾಲ್ ಬೇರಿಂಗನ್ನು ನೇರವಾಗಿ ಪಿನ್‌ಗೆ ಹಾಕಿಬಿಟ್ಟಿದ್ದರು. ಬೇರಿಂಗ್‌ನ ಔಟರೇ ಚಕ್ರ. ಅವು ಜಾಮ್ ಆದಾಗ ಕೆಲಸ ನನ್ನ ಕೈಗೆ ಬಂತು. ಹಳೆಯದರ ನಂಬರ್ ಓದಿದೆ, ಅದೇ ನಂಬರ್ ತಂದು ಹಾಕಿದೆ. ಇಲ್ಲಿ ಆ ನಂಬರ್ ಯಾಕೆ ಇದೆ ಅಂತ ಕೇಳಲಿಲ್ಲ. ನನ್ನ ತಪ್ಪು ಅದು. ಮೂರು ವಾರದಲ್ಲಿ ಉತ್ತರ ಸಿಕ್ಕಿತು.

ಕೈ ಹಾಕುವ ಮುಂಚೆ ಒಂದು ಮಾತು. ಸಿಸರ್ ಲಿಫ್ಟ್ ಎತ್ತಿ ಅದರ ಕೆಳಗೆ ಕೈ ಇಡುವವರು ಹೈಡ್ರಾಲಿಕ್ ಎಣ್ಣೆಯನ್ನು ನಂಬಬೇಡಿ. ಹೊರೆ ಇಳಿಸಿ, ಹಲಗೆ ಎತ್ತಿ, ಗಟ್ಟಿ ಉಕ್ಕಿನ ಆಸರೆ ಕೊಟ್ಟು, ಆ ಆಸರೆಯ ಮೇಲೆ ಹಲಗೆ ಕೂತಮೇಲೆ ಕರೆಂಟ್ ತೆಗೆಯಿರಿ. ಇದರಲ್ಲಿ ರಿಯಾಯಿತಿ ಇಲ್ಲ. ನಾನು ಎರಡು ಕಡೆ ಆಸರೆ ಕೊಟ್ಟಮೇಲೆಯೇ ಬಿಚ್ಚಿದ್ದು.

ಮುರಿದದ್ದು ಏನು ಹೇಳಿತು

ಬಿಚ್ಚಿದ ನಾಲ್ಕು ಬೇರಿಂಗ್‌ಗಳನ್ನು ತೊಳೆದು ಬಿಳಿ ಬಟ್ಟೆ ಮೇಲೆ ಇಟ್ಟು ನೋಡಿದೆ. ಒಂದರ ಔಟರ್ ಸೀಳಿದೆ. ಇನ್ನೆರಡರಲ್ಲಿ ಗುಂಡು ಓಡುವ ತೋಡಿನಲ್ಲಿ ಸಣ್ಣ ಸಣ್ಣ ತಗ್ಗು. ಉಗುರು ಎಳೆದರೆ ಗೊತ್ತಾಗುತ್ತದೆ. ನಾಲ್ಕನೆಯದು ಕೈಯಲ್ಲಿ ತಿರುಗಿಸಿದರೆ ಹಲ್ಲು ಹಲ್ಲಾಗಿ ತಿರುಗುತ್ತದೆ. ಇನ್ನರ್ ರಿಂಗ್‌ಗಳಲ್ಲಿ ಗುರುತು ಇದ್ದದ್ದು ಒಂದೇ ಬದಿಗೆ.

ಸೀಳು ಬಂದ ಜಾಗ ಗಮನಿಸಬೇಕು. 6204 ಅಂದರೆ ಒಳ ತೂತು 20, ಹೊರ ಅಳತೆ 47, ಅಗಲ 14 ಎಂಎಂ. ಒಳಗೆ ಸಾಮಾನ್ಯವಾಗಿ ಸುಮಾರು 7.9 ಎಂಎಂನ ಎಂಟು ಗುಂಡುಗಳು. ತೋಡಿನ ತಳದಲ್ಲಿ ಔಟರ್‌ನ ದಪ್ಪ ಎಷ್ಟು ಉಳಿಯುತ್ತದೆ ಗೊತ್ತಾ? ಮೂರು ಎಂಎಂ ಕೂಡ ಇಲ್ಲ. ಸೀಳಿದ ತುಂಡಿಗೆ ನಾನೇ ಮೈಕ್ರೋಮೀಟರ್ ಹಿಡಿದು ನೋಡಿದೆ, 2.8ರ ಹತ್ತಿರ ಬಂತು.

ಈ ತೆಳು ಬಳೆ ಹೌಸಿಂಗ್ ಒಳಗೆ ಕೂರಲು ಹುಟ್ಟಿದ್ದು. ಸುತ್ತಲೂ ಗಟ್ಟಿ ಲೋಹ ಅಪ್ಪಿಕೊಂಡಿರುತ್ತದೆ, ಬಳೆ ಬಾಗುವುದಕ್ಕೆ ಜಾಗ ಇರುವುದಿಲ್ಲ. ಹಾಗೆ ಕೂತಾಗ ಹೊರೆ ಹಲವು ಗುಂಡುಗಳಿಗೆ ಹಂಚಿಹೋಗುತ್ತದೆ. ಎಂಟು ಗುಂಡು ಇದ್ದರೆ, ಎಲ್ಲಕ್ಕಿಂತ ಜಾಸ್ತಿ ಹೊರುವ ಗುಂಡಿನ ಪಾಲು ಒಟ್ಟು ಹೊರೆಯ ಸುಮಾರು ಎಂಟರಲ್ಲಿ ಐದು ಭಾಗ. ಹೌಸಿಂಗ್ ಇಲ್ಲದೆ ಬರಿ ಔಟರ್ ನೆಲ ಮುಟ್ಟಿದಾಗ ಕಥೆ ಬೇರೆ. ಇಡೀ ಹೊರೆ ಒಂದು ಗೆರೆಯ ಮೇಲೆ ಬೀಳುತ್ತದೆ. ಬಳೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಗೆರೆಯ ನೇರಕ್ಕೆ ಗುಂಡು ಬಂದರೆ ಆ ಒಂದೇ ಗುಂಡು ಹೊರುತ್ತದೆ. ಎರಡು ಗುಂಡುಗಳ ನಡುವೆ ಬಂದರೆ ಬಳೆ ಸೇತುವೆಯ ಹಾಗೆ ಬಾಗುತ್ತದೆ. ಚಕ್ರ ಒಂದು ಸುತ್ತು ಹೋಗುವಷ್ಟರಲ್ಲಿ ಹೀಗೆ ಸುಮಾರು ಐದು ಸಲ ಬಾಗಿ ನೆಟ್ಟಗಾಗುತ್ತದೆ. ಬೇರಿಂಗ್ ಉಕ್ಕು ಒಳಗಿನ ತನಕ ಗಡಸು ಮಾಡಿದ್ದು. ಒತ್ತಡ ತಡೆಯುತ್ತದೆ, ಬಾಗುವುದನ್ನು ಸಹಿಸುವುದಿಲ್ಲ. ಹಾಗಾಗಿ ಬಾಗಿ ಬಾಗಿ ಕೊನೆಗೆ ಸೀಳುತ್ತದೆ.

ಕ್ಯಾಟಲಾಗ್‌ನಲ್ಲಿ ಯಾವ ನಂಬರ್ ಓದಬೇಕು

ಎಷ್ಟೋ ಜನ ಇಲ್ಲೇ ಜಾರುವುದು. 6204ಗೆ ಕ್ಯಾಟಲಾಗ್‌ಗಳಲ್ಲಿ ಡೈನಾಮಿಕ್ ರೇಟಿಂಗ್, ಅಂದರೆ 'ಸಿ', 12.7ರಿಂದ 13.5 ಕಿಲೋನ್ಯೂಟನ್ ಅಂತ ಇರುತ್ತದೆ. ಒಂದು ಕಿಲೋನ್ಯೂಟನ್ ಅಂದರೆ ಸುಮಾರು 102 ಕಿಲೋ ಭಾರ. ಓದಿದವರಿಗೆ ಏನನ್ನಿಸುತ್ತದೆ? ಒಂದು ಬೇರಿಂಗ್ 1300 ಕಿಲೋ ಹೊರುತ್ತದೆ, ನಾಲ್ಕಿವೆ, ನಾನು ಇಡುವುದು 1000 ಕಿಲೋ, ಧಾರಾಳವಾಯಿತು ಅಂತ. ಹಾಗೆ ಅಲ್ಲ.

'ಸಿ' ಅನ್ನುವುದು ಹೊರುವ ತಾಕತ್ತು ಅಲ್ಲ, ಆಯಸ್ಸಿನ ಲೆಕ್ಕದ ಅಂಕಿ. ಅಷ್ಟು ಹೊರೆ ಹಾಕಿ ತಿರುಗಿಸಿದರೆ ಹತ್ತು ಲಕ್ಷ ಸುತ್ತಿನ ತನಕ ನೂರಕ್ಕೆ ತೊಂಬತ್ತು ಬೇರಿಂಗ್ ಉಳಿಯುತ್ತವೆ ಅಂತ ಅದರ ಅರ್ಥ. ಮೋಟಾರಿಗೆ, ಪಂಪಿಗೆ ಇದು ಬೇಕು. ನನ್ನ ಲಿಫ್ಟ್‌ನ ರೋಲರ್ ಎಷ್ಟು ಸುತ್ತುತ್ತದೆ ನೋಡಿ. ಒಂದು ಸಲ ಎತ್ತಿದರೆ ರೋಲರ್ 389 ಎಂಎಂ ಓಡುತ್ತದೆ. 47 ಎಂಎಂ ಚಕ್ರದ ಸುತ್ತಳತೆ 148 ಎಂಎಂ. ಎತ್ತಿ ಇಳಿಸಿದರೆ ಐದು ಸುತ್ತು ಮತ್ತು ಸ್ವಲ್ಪ. ದಿನಕ್ಕೆ ನೂರು ಸಲ ಎತ್ತಿಳಿಸಿದರೂ ಹತ್ತು ಲಕ್ಷ ಸುತ್ತಾಗಲು ಐದು ವರ್ಷ ಬೇಕು. ಇಷ್ಟು ನಿಧಾನದ ಕೆಲಸಕ್ಕೆ ಆಯಸ್ಸಿನ ಲೆಕ್ಕ ಸುಮ್ನೆ.

ನೋಡಬೇಕಾದ್ದು ಪಕ್ಕದ ಕಾಲಂ. ಸ್ಟ್ಯಾಟಿಕ್ ರೇಟಿಂಗ್, 'ಸಿ-ಸೊನ್ನೆ'. ಅಷ್ಟು ಹೊರೆ ಬಿದ್ದರೆ ಗುಂಡು ಮತ್ತು ತೋಡಿನ ನಡುವೆ ಗುಂಡಿನ ವ್ಯಾಸದ ಹತ್ತು ಸಾವಿರದ ಒಂದು ಭಾಗದಷ್ಟು ಕಾಯಂ ತಗ್ಗು ಬೀಳುತ್ತದೆ. 6204ಕ್ಕೆ ಇದು ಬರೀ 6.6 ಕಿಲೋನ್ಯೂಟನ್ ಹತ್ತಿರ. ಮುಂಚಿನ ಅಂಕಿಯ ಅರ್ಧ! ಮತ್ತೆ ಇದೂ ಹೌಸಿಂಗ್ ಒಳಗೆ ಕೂತ ಬೇರಿಂಗ್‌ನ ಅಂಕಿ. ಬರಿ ಔಟರ್ ಮೇಲೆ ಓಡುವುದಕ್ಕೆ ಇದನ್ನೂ ಪೂರ್ತಿ ನಂಬುವ ಹಾಗಿಲ್ಲ. ನಾನು ಈಗ ಬರಿ ಬಾಲ್ ಬೇರಿಂಗನ್ನು ಚಕ್ರವಾಗಿ ಹಾಕುವುದೇ ಆದರೆ ಸಿ-ಸೊನ್ನೆಯ ಐದನೇ ಒಂದು ಭಾಗಕ್ಕಿಂತ ಮೇಲೆ ಹೋಗುವುದಿಲ್ಲ. ಇದು ಯಾವ ಪುಸ್ತಕದ ನಿಯಮವೂ ಅಲ್ಲ, ನನ್ನ ಕೈ ಲೆಕ್ಕ. ಬೆಲ್ಟ್ ಒತ್ತುವ ರೋಲರ್, ಹಗುರ ಡ್ರಾಯರ್, ಬಾಗಿಲಿನ ಗೈಡ್, ಇಂಥವಕ್ಕೆ ಅದು ಚೆನ್ನಾಗಿಯೇ ನಡೆಯುತ್ತದೆ.

ಟ್ರ್ಯಾಕ್ ರೋಲರ್ ಅಂತಲೇ ಮಾಡುವ ಬೇರಿಂಗ್‌ಗಳ ಕ್ಯಾಟಲಾಗ್ ತೆಗೆದರೆ ಅಲ್ಲಿ ಬೇರೆಯೇ ಅಂಕಿ ಕೊಟ್ಟಿರುತ್ತಾರೆ. ಔಟರ್ ಬಾಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡ ಪರಿಣಾಮಕಾರಿ ರೇಟಿಂಗ್, ಜೊತೆಗೆ ಒಂದೇ ಬಾರಿಗೆ ಬೀಳಬಹುದಾದ ಗರಿಷ್ಠ ಹೊರೆ. ಚಕ್ರವಾಗಿ ಓಡಿಸುವುದಾದರೆ ಓದಬೇಕಾದ್ದು ಅದನ್ನೇ.

ನಿಜವಾದ ಹೊರೆ ಎಷ್ಟು

1000 ಕಿಲೋ ಭಾಗಿಸು ನಾಲ್ಕು, ಅಂದರೆ 250 ಕಿಲೋ. ಮೊದಲ ಸಲ ನನ್ನ ತಲೆಯಲ್ಲಿ ಇದ್ದ ಲೆಕ್ಕ ಇಷ್ಟೇ. ಎಷ್ಟು ತಪ್ಪು ಅಂತ ಈ ಸಲ ಕಾಗದದ ಮೇಲೆ ಗೆರೆ ಎಳೆದು ನೋಡಿದಾಗ ಗೊತ್ತಾಯಿತು.

ಮೊದಲನೆಯದು, ಕೆಳಗಿನ ಜೋಡಿ ಮತ್ತು ಮೇಲಿನ ಜೋಡಿ ಹೊರೆ ಹಂಚಿಕೊಳ್ಳುವುದಿಲ್ಲ. ಹಲಗೆಯ ಹೊರೆ ಮೇಲಿನ ರೋಲರ್ ಮೂಲಕ ತೋಳಿಗೆ, ತೋಳಿನಿಂದ ಕೆಳಗಿನ ರೋಲರ್‌ಗೆ ಇಳಿಯುತ್ತದೆ. ಒಂದರ ಮೇಲೆ ಒಂದು ಇಟ್ಟ ಹಾಗೆ. ಎರಡೂ ಜೋಡಿ ಅಷ್ಟಷ್ಟೇ ಹೊರುತ್ತವೆ.

ಎರಡನೆಯದು ಇನ್ನೂ ಮುಖ್ಯ. ಟೇಬಲ್ ಮೇಲೇಳುತ್ತಿದ್ದ ಹಾಗೆ ರೋಲರ್‌ಗಳು ಹಿಂಜ್ ಕಡೆಗೆ ಒಳಗೆ ಸರಿಯುತ್ತವೆ. ಹೊರೆ ಮಾತ್ರ ಹಲಗೆ ಮೇಲೆ ಇದ್ದಲ್ಲೇ ಇರುತ್ತದೆ. ಹಿಂಜ್‌ನಿಂದ ಹಲಗೆಯ ನಡುಮಧ್ಯಕ್ಕೆ 600 ಎಂಎಂ. ಟೇಬಲ್ ಕೆಳಗಿದ್ದಾಗ ಹಿಂಜ್‌ನಿಂದ ರೋಲರ್‌ಗೆ 1183 ಎಂಎಂ, ಹಾಗಾಗಿ ರೋಲರ್ ತುದಿಗೆ ಹೊರೆಯ ಅರ್ಧ. ಪೂರ್ತಿ ಎತ್ತಿದಾಗ ಆ ದೂರ 794ಕ್ಕೆ ಇಳಿಯುತ್ತದೆ. ಈಗ 600 ಭಾಗಿಸು 794, ಅಂದರೆ ಹೊರೆಯ ಮುಕ್ಕಾಲು ಪಾಲು ರೋಲರ್ ತುದಿಯ ಮೇಲೆ! ಸದ್ದು ಅರ್ಧ ಎತ್ತರ ದಾಟಿದಮೇಲೆ ಮಾತ್ರ ಬರುತ್ತಿದ್ದದ್ದು ಯಾಕೆ ಅಂತ ಆಗ ಹೊಳೆಯಿತು.

ಹೊರೆ ಯಾವಾಗಲೂ ನಡುವಿಗೆ ಇರುವುದೂ ಇಲ್ಲ. ಈ ಟೇಬಲ್ ಮೇಲೆ ರೋಲರ್ ಕಡೆಗೆ 150 ಎಂಎಂ ಸರಿದೇ ಇಡುತ್ತಾರೆ, ಯಾಕೆಂದರೆ ತಡೆಪಟ್ಟಿ ಇರುವುದು ಆ ಕಡೆ. 1000 ಕಿಲೋ ಹಿಂಜ್‌ನಿಂದ 750 ಎಂಎಂಗೆ, ಹಲಗೆಯ ತೂಕ 100 ಕಿಲೋ 600ಕ್ಕೆ. ಲೆಕ್ಕ ಹಾಕಿದರೆ ಎರಡು ರೋಲರ್ ಮೇಲೆ ಒಟ್ಟು 1020 ಕಿಲೋ, ಅಂದರೆ 10 ಕಿಲೋನ್ಯೂಟನ್. ಎಡ ಬಲಕ್ಕೆ ಸಮ ಪಾಲು ಆಗುತ್ತದೆ ಅಂತಲೂ ನಂಬಲಾಗದು. ಚೌಕಟ್ಟು ಸ್ವಲ್ಪ ತಿರುಚಿದ್ದರೂ ಒಂದು ಬದಿ ಜಾಸ್ತಿ ಹೊರುತ್ತದೆ. ಮೂರರಲ್ಲಿ ಎರಡು ಪಾಲು ಒಂದೇ ರೋಲರ್‌ಗೆ ಅಂತ ಹಿಡಿದೆ. 6.7 ಕಿಲೋನ್ಯೂಟನ್.

250 ಕಿಲೋ ಅಂದುಕೊಂಡಿದ್ದ ಜಾಗದಲ್ಲಿ 680 ಕಿಲೋ. 6204ನ ಸಿ-ಸೊನ್ನೆ 6.6. ಹೌಸಿಂಗ್ ಇದ್ದಿದ್ದರೂ ಅಂಚಿನಲ್ಲೇ ಇರುತ್ತಿತ್ತು. ಮೂರು ವಾರ ಬಾಳಿದ್ದೇ ದೊಡ್ಡದು.

ಬದಲಿಗೆ ಏನು ಹಾಕುವುದು

ನಾಲ್ಕು ದಾರಿ ಕಂಡವು.

ಮೂಲದ ಹಾಗೆ ಬುಶ್ ಇರುವ ಗಡಸು ಚಕ್ರ. ಇದನ್ನು ಕೀಳಾಗಿ ನೋಡಬಾರದು. ನಿಧಾನಕ್ಕೆ ಓಡುವ, ಭಾರ ಜಾಸ್ತಿ ಇರುವ ಕಡೆ ಕಂಚಿನ ಬುಶ್ ಒಳ್ಳೆಯ ಆಯ್ಕೆ. 20 ಎಂಎಂ ಪಿನ್, 24 ಎಂಎಂ ಉದ್ದದ ಬುಶ್ ಅಂದರೆ ಪ್ರತಿ ಚದರ ಎಂಎಂಗೆ 14 ನ್ಯೂಟನ್ ಒತ್ತಡ. ಕಂಚಿಗೆ ಇದು ಕಷ್ಟವೇ ಅಲ್ಲ. ಆದರೆ ಗ್ರೀಸ್ ತಪ್ಪಿಸಿದರೆ ಸವೆಯುತ್ತದೆ, ಈ ಟೇಬಲ್‌ಗೆ ಗ್ರೀಸ್ ತಪ್ಪಿದ ಚರಿತ್ರೆಯೇ ಇದೆ.

ಎರಡನೆಯದು, ದಪ್ಪ ಉಕ್ಕಿನ ಟೈರ್ ಒಳಗೆ 6204 ಒತ್ತಿ ಕೂರಿಸುವುದು. ಟೈರೇ ಹೌಸಿಂಗ್ ಆಗುತ್ತದೆ, ಬಳೆ ಬಾಗುವುದಿಲ್ಲ. ನನಗೆ ಇಷ್ಟವಾದ ದಾರಿ. ಆದರೆ ಸುತ್ತ 8 ಎಂಎಂ ದಪ್ಪ ಇಟ್ಟರೂ ಹೊರ ಅಳತೆ 63 ಆಗುತ್ತದೆ. ಚಾನೆಲ್ ಒಳಗೆ ಇರುವುದು 60. ಅಲ್ಲಿಗೆ ಮುಗಿಯಿತು. ನಿಮ್ಮ ಮೆಷಿನ್‌ನಲ್ಲಿ ಜಾಗ ಇದ್ದರೆ ಒಂದು ಮಾತು ನೆನಪಿಡಿ: ಇಲ್ಲಿ ಹೊರೆ ಔಟರ್ ಸುತ್ತ ತಿರುಗುತ್ತದೆ, ಹಾಗಾಗಿ ಔಟರ್ ಬಿಗಿಯಾಗಿ ಕೂರಬೇಕು, ಇನ್ನರ್ ಪಿನ್ ಮೇಲೆ ಜಾರುವ ಹಾಗಿದ್ದರೂ ನಡೆಯುತ್ತದೆ. ಮೋಟಾರಿನಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಮೋಟಾರು ರಿಪೇರಿ ಮಾಡಿ ಅಭ್ಯಾಸ ಇರುವವರು ಕೈ ಹೇಳಿದ ಹಾಗೆ ಮಾಡಿ ಇಲ್ಲಿ ತಪ್ಪುತ್ತಾರೆ. ಔಟರ್ ಸಡಿಲ ಇದ್ದರೆ ಟೈರ್ ಒಳಗೆ ನಿಧಾನಕ್ಕೆ ತೆವಳಿ ತೂತನ್ನೇ ತಿಂದುಬಿಡುತ್ತದೆ.

ಮೂರನೆಯದು, ಕ್ಯಾಮ್ ಫಾಲೋವರ್. ಕೆಆರ್ ಅಂತ ಶುರುವಾಗುವ ನಂಬರ್, ಬೇರಿಂಗ್ ಜೊತೆಗೇ ಬೋಲ್ಟ್ ಇರುತ್ತದೆ. ಕೆಆರ್ 47ಕ್ಕೆ ಹೊರ ಅಳತೆ 47, ಬೋಲ್ಟ್ 20 ಎಂಎಂ. ತೂತಿಗೆ ಹಾಕಿ ನಟ್ ಬಿಗಿದರೆ ಆಯಿತು. ನನ್ನ ತೋಳುಗಳ ಬಾಸ್‌ನ (ತೋಳಿನ ತುದಿಯಲ್ಲಿ ಪಿನ್ ಕೂರುವ ದಪ್ಪ ಭಾಗ) ತೂತು ಮಾತ್ರ ಹಳೇ ಪಿನ್ ಅಲುಗಾಡಿ ಅಲುಗಾಡಿ ಮೊಟ್ಟೆಯಾಕಾರ ಆಗಿತ್ತು. ಈ ಬೋಲ್ಟ್‌ಗೆ ಬಿಗಿಯಾದ ದುಂಡು ತೂತು ಬೇಕೇ ಬೇಕು, ಇಲ್ಲದಿದ್ದರೆ ಕತ್ತಿನಲ್ಲಿ ಮುರಿಯುತ್ತದೆ.

ನಾಲ್ಕನೆಯದನ್ನು ಆರಿಸಿದೆ. ಯೋಕ್ ರೋಲರ್, ಅಂದರೆ ಬೋಲ್ಟ್ ಇಲ್ಲದೆ ಪಿನ್ ಮೇಲೆ ಕೂರುವ ಟ್ರ್ಯಾಕ್ ರೋಲರ್. ನಂಬರ್ ಎನ್‌ಯುಟಿಆರ್ 20. ಒಳ ತೂತು 20, ಹೊರ ಅಳತೆ 47, ಅಗಲ 25. ಅಳತೆಯಲ್ಲಿ 6204ನ ಅಣ್ಣ ಅನ್ನಬಹುದು, ಒಳಗೆ ಮಾತ್ರ ಬೇರೆಯೇ. ಗುಂಡುಗಳ ಬದಲು ಎರಡು ಸಾಲು ಸಿಲಿಂಡರ್ ರೋಲರ್‌ಗಳು, ಕೇಜ್ (ಅವನ್ನು ಬಿಡಿಬಿಡಿಯಾಗಿ ಹಿಡಿಯುವ ಚೌಕಟ್ಟು) ಇಲ್ಲದೆ ಒತ್ತೊತ್ತಾಗಿ ತುಂಬಿವೆ. ಔಟರ್ ಕಣ್ಣಿಗೆ ಕಾಣುವಷ್ಟು ದಪ್ಪ. ಸ್ವಲ್ಪ ಪಕ್ಕದ ಒತ್ತಡವನ್ನೂ ತಡೆಯುತ್ತದೆ. ಚಕ್ರವಾಗಿ ಓಡಿಸುವಾಗಿನ ಸ್ಟ್ಯಾಟಿಕ್ ರೇಟಿಂಗ್ ನನ್ನ 6.7ರ ಎರಡೂವರೆ ಪಟ್ಟಿಗಿಂತ ಮೇಲಿತ್ತು. ಅಷ್ಟು ಸಾಕು ಅನ್ನಿಸಿತು.

ಹೊರಮೈ ಎರಡು ಥರ ಸಿಗುತ್ತದೆ, ನೇರ ಮತ್ತು ಉಬ್ಬು. ಉಬ್ಬು ಅಂದರೆ ಸಾಮಾನ್ಯವಾಗಿ 500 ಎಂಎಂ ತ್ರಿಜ್ಯದ ಕಮಾನು, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ತೋಳು ಒಂದು ಚೂರು ತಿರುಚಿದರೂ ನೇರ ಮೈಯ ರೋಲರ್ ತನ್ನ ಅಂಚಿನ ಮೇಲೆ ನಿಲ್ಲುತ್ತದೆ. ನನ್ನ ತೋಳುಗಳು ಹಳೆಯವು, ನೆಟ್ಟಗಿವೆ ಅಂತ ಪ್ರಮಾಣ ಮಾಡಲಾರೆ. ಉಬ್ಬನ್ನೇ ತೆಗೆದುಕೊಂಡೆ. ಅದರಿಂದ ಟ್ರ್ಯಾಕ್ ಮೇಲೆ ಏನಾಗುತ್ತದೆ ಅಂತ ಆಮೇಲೆ ಲೆಕ್ಕ ಹಾಕಬೇಕಾಯಿತು.

ಪಿನ್

ಬಾಸ್‌ಗಳನ್ನು ಬೋರ್ ಮಾಡಿ 25 ಎಂಎಂಗೆ ತಂದೆ. ಇಎನ್8 (ಮೆತ್ತನೆ ಉಕ್ಕಿಗಿಂತ ಗಟ್ಟಿಯಾದ ಉಕ್ಕು) ಸರಳಿನಲ್ಲಿ ಹೊಸ ಪಿನ್ ಲೇತ್‌ನಲ್ಲಿ ತಿರುಗಿಸಿದೆ. ಬಾಸ್ ಒಳಗೆ 25, ರೋಲರ್ ಕೂರುವಲ್ಲಿ 20, ಮುಂದಿನ ತುದಿಗೆ ಎಂ18 ತೆಳು ಥ್ರೆಡ್, ಹಿಂದಕ್ಕೆ ಎಂ24 ನಟ್.

ಅಗಲ ಜಾಸ್ತಿಯಾದ ರೋಲರ್ ಅಂದರೆ ಹೊರೆಯ ಗೆರೆ ಬಾಸ್‌ನಿಂದ ಇನ್ನಷ್ಟು ದೂರ. ಮುಂಚೆ 10 ಎಂಎಂ ಇತ್ತು, ಈಗ ವಾಷರ್ ಸೇರಿ 15.5. ಪಿನ್ ಬುಡದಲ್ಲಿ ಬಾಗುವ ಒತ್ತಡ ಸುಮಾರು 130 ಮೆಗಾಪಾಸ್ಕಲ್ (ಪ್ರತಿ ಚದರ ಎಂಎಂಗೆ ಅಷ್ಟೇ ನ್ಯೂಟನ್) ಬಂತು. ಮೆತ್ತನೆ ಉಕ್ಕು 250ಕ್ಕೆ ಸೋಲುತ್ತದೆ. ಲೆಕ್ಕಕ್ಕೆ ಸಾಕು, ಆದರೆ ಏರಿಳಿತದ ಹೊರೆಗೆ ಮನಸ್ಸು ಒಪ್ಪಲಿಲ್ಲ. ಅದಕ್ಕೇ ಇಎನ್8. 25ರಿಂದ 20ಕ್ಕೆ ಇಳಿಯುವ ಮೂಲೆಯಲ್ಲಿ 1 ಎಂಎಂ ತ್ರಿಜ್ಯ ಬಿಟ್ಟೆ. ಚೂಪು ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಶುರು. ವಾಷರ್‌ನ ಒಳ ಅಂಚನ್ನೂ ಚಾಂಫರ್ ಮಾಡಬೇಕು, ಇಲ್ಲದಿದ್ದರೆ ಅದು ಆ ತ್ರಿಜ್ಯದ ಮೇಲೆ ಹತ್ತಿ ಕೂತು ನೆಟ್ಟಗೆ ನಿಲ್ಲುವುದಿಲ್ಲ.

20 ಎಂಎಂ ಭಾಗವನ್ನು ಜಿ6 ಅನ್ನುವ ಅಳತೆಯ ದರ್ಜೆಗೆ ತಿರುಗಿಸಿದೆ, ಅಂದರೆ 19.980 ಮತ್ತು 19.993ರ ನಡುವೆ. ಕೈಯಲ್ಲಿ ತಳ್ಳಿದರೆ ರೋಲರ್ ನುಣ್ಣಗೆ ಒಳಗೆ ಹೋಗುತ್ತದೆ. ಸುತ್ತಿಗೆ ಬೇಡ.

ವಾಷರ್ ವಿಷಯದಲ್ಲಿ ಒಂದು ವ್ಯತ್ಯಾಸ ಇದೆ. ಬಾಲ್ ಬೇರಿಂಗ್ ಪಕ್ಕದ ವಾಷರ್ ಇನ್ನರ್ ಮಾತ್ರ ಮುಟ್ಟಬೇಕು. ದೊಡ್ಡದಾದರೆ ಸೀಲ್ ಉಜ್ಜುತ್ತದೆ, ಔಟರ್ ಹಿಡಿಯುತ್ತದೆ. ಎನ್‌ಯುಟಿಆರ್‌ನಲ್ಲಿ ಇದಕ್ಕೆ ಉಲ್ಟಾ. ಅದರ ಎರಡು ಬದಿಯ ತಟ್ಟೆಗಳು ಇನ್ನರ್ ಮೇಲೆ ಸುಮ್ನೆ ಒತ್ತಿ ಕೂರಿಸಿದವು. ಅವಕ್ಕೆ ಹೊರಗಿನಿಂದ ಆಧಾರ ಕೊಟ್ಟು ಬಿಗಿಯಲೇಬೇಕು, ಇಲ್ಲದಿದ್ದರೆ ಪಕ್ಕದ ಒತ್ತಡ ಬಿದ್ದಾಗ ಹೊರಕ್ಕೆ ಸರಿಯುತ್ತವೆ. ಎಷ್ಟು ಅಗಲದ ಆಧಾರ ಬೇಕು ಅಂತ ಕ್ಯಾಟಲಾಗ್‌ನಲ್ಲಿ ಇರುತ್ತದೆ. ಆ ಅಳತೆಗೆ 3 ಎಂಎಂ ದಪ್ಪದ ವಾಷರ್ ಮಾಡಿ ಎರಡೂ ಕಡೆ ಹಾಕಿದೆ.

ಗ್ರೀಸ್‌ಗೆ ಪಿನ್‌ನ ಹಿಂಬದಿಯಿಂದ ಉದ್ದಕ್ಕೆ 5 ಎಂಎಂ ವ್ಯಾಸದ ತೂತು, ರೋಲರ್ ನಡುವೆ 3 ಎಂಎಂ ಅಡ್ಡ ತೂತು, ಹಿಂದೆ ನಿಪ್ಪಲ್. ಅಡ್ಡ ತೂತು ಯಾವ ದಿಕ್ಕಿಗೆ ಅನ್ನುವುದು ಮುಖ್ಯ. ಹೊರೆ ಬೀಳುವ ಬದಿಗೆ ಗ್ರೀಸ್ ತೂತು ಇರಬಾರದು. ಕೆಳಗಿನ ರೋಲರ್‌ನಲ್ಲಿ ಹೊರೆ ಪಿನ್‌ನ ತಳಕ್ಕೆ, ಮೇಲಿನ ರೋಲರ್‌ನಲ್ಲಿ ಪಿನ್‌ನ ನೆತ್ತಿಗೆ. ಪಿನ್ ತೋಳಿಗೆ ಬಿಗಿದಿರುವುದರಿಂದ ಟೇಬಲ್ ಎತ್ತುವಾಗ ಅದೂ ಸುಮಾರು 39 ಡಿಗ್ರಿ ತಿರುಗುತ್ತದೆ. ಇದರಿಂದ ಇನ್ನರ್‌ಗೆ ಒಳ್ಳೆಯದೇ, ಒಂದೇ ಚುಕ್ಕೆಗೆ ಪೆಟ್ಟು ಬೀಳುವುದಿಲ್ಲ. ಟೇಬಲನ್ನು ಅರ್ಧ ಎತ್ತರದಲ್ಲಿ ನಿಲ್ಲಿಸಿ, ಹೊರೆಯ ಎದುರು ಬದಿಗೆ ತೂತು ಬರುವ ಹಾಗೆ ಪಿನ್ ಹಿಡಿದು ನಟ್ ಬಿಗಿದೆ. ಗೊತ್ತಾಗಲಿ ಅಂತ ಪಿನ್ ತುದಿಗೆ ಒಂದು ಪಂಚ್ ಗುರುತು. ಇನ್ನರ್‌ನ ತೂತನ್ನೂ ಅದೇ ಬದಿಗೆ ತಿರುಗಿಸಿಟ್ಟೆ.

ಟ್ರ್ಯಾಕ್ ಮರೆತರೆ ಬೇರಿಂಗ್ ಏನು ಮಾಡೀತು

ರೋಲರ್ ಒಳ್ಳೆಯದು ಹಾಕಿ ಹಳೇ ಚಾನೆಲ್ ಮೇಲೆಯೇ ಓಡಿಸುವ ಆಸೆ ಇತ್ತು. ಸ್ಕೇಲ್ ಇಟ್ಟು ನೋಡಿದರೆ ರೋಲರ್ ಓಡಿದ ದಾರಿಯಲ್ಲಿ ಒಂದು ಎಂಎಂ ಆಳದ ಹಳ್ಳ. ಅದೂ ಒಂದು ಬದಿಗೆ. ಈ ಚಾನೆಲ್‌ನ ಫ್ಲೇಂಜ್ (ರೋಲರ್ ಓಡುವ ಮೇಲಿನ, ಕೆಳಗಿನ ಬದಿ) ಒಳಮೈ ಸ್ವಲ್ಪ ಓರೆ, ಆ ನಮೂನೆಯ ರೋಲ್ ಮಾಡಿದ ಚಾನೆಲ್‌ಗಳೆಲ್ಲ ಹಾಗೇ. ನೇರ ಮೈಯ 6204 ಆ ಓರೆಯ ಮೇಲೆ ಬರೀ ಅಂಚಿನಲ್ಲಿ ನಿಂತು ಓಡಿತ್ತು.

ಅರ ಇಟ್ಟು ಎಳೆದರೆ ಚಾನೆಲ್ ಬೆಣ್ಣೆ ಹಾಗೆ ಕೊಡುತ್ತದೆ. ಬೇರಿಂಗ್‌ನ ಔಟರ್ ಮೇಲೆ ಎಳೆದರೆ ಅರವೇ ಜಾರುತ್ತದೆ. ಎರಡರ ಗಡಸುತನ ಅಷ್ಟು ದೂರ. ಲೆಕ್ಕವೂ ಅದನ್ನೇ ಹೇಳಿತು. ನೇರ ಮೈಯ ರೋಲರ್ 20 ಎಂಎಂ ಅಗಲಕ್ಕೆ ಚೆನ್ನಾಗಿ ಕೂತರೆ ಮುಟ್ಟುವ ಗೆರೆಯಲ್ಲಿ ಗರಿಷ್ಠ ಒತ್ತಡ 720 ಮೆಗಾಪಾಸ್ಕಲ್. ಉಬ್ಬು ಮೈಯದು ನಡುವೆ ಸುಮಾರು 8 ಎಂಎಂ ಉದ್ದದ ಒಂದು ತೆಳು ಅಂಡಾಕಾರದಲ್ಲಿ ಮಾತ್ರ ಮುಟ್ಟುತ್ತದೆ, ಅಲ್ಲಿ ಸಾವಿರ ದಾಟುತ್ತದೆ. ಮತ್ತೆ ಮತ್ತೆ ಉರುಳುವಾಗ ಮೆತ್ತನೆ ಉಕ್ಕು ತಡೆಯುವುದು 575ರ ಆಸುಪಾಸು. ಎರಡರಲ್ಲಿ ಯಾವುದು ಹಾಕಿದರೂ ಚಾನೆಲ್ ಹಳ್ಳ ಬೀಳುವುದೇ. ಉಬ್ಬಾದರೆ ಇನ್ನೂ ಬೇಗ.

ಹಾಗಾಗಿ 400 ಬ್ರಿನೆಲ್ (ಗಡಸುತನದ ಅಳತೆ) ಗಡಸಿನ, ಸವೆತ ತಡೆಯುವ ವೇರ್ ಪ್ಲೇಟ್ ತಂದೆ. 8 ಎಂಎಂ ದಪ್ಪ. ನಾಲ್ಕು ಪಟ್ಟಿ ಮಾಡಿ, ಓರೆ ಇದ್ದ ಕಡೆ ಕೆಳಗೆ ಶಿಮ್ (ತೆಳು ಲೋಹದ ಹಾಳೆ) ಕೊಟ್ಟು ಮಟ್ಟ ಮಾಡಿ, ಅಂಚಿನಲ್ಲಿ ಮಾತ್ರ ಚಿಕ್ಕ ಚಿಕ್ಕ ವೆಲ್ಡ್ ಹಾಕಿದೆ. ಒಣಗಿಸಿದ ಲೋ ಹೈಡ್ರೋಜನ್ ರಾಡ್. ಕಾವು ತಗುಲಿದ ಜಾಗ ಮೆತ್ತಗಾಗುತ್ತದೆ, ಅದಕ್ಕೇ ರೋಲರ್ ಓಡುವ ನಡುಗೆರೆಯಿಂದ ವೆಲ್ಡ್ ದೂರ ಇರಬೇಕು. ವೆಲ್ಡ್ ಮಾಡುವಾಗ ಹೊಸ ರೋಲರ್‌ಗಳು ಡಬ್ಬಿಯಲ್ಲೇ ಇದ್ದವು. ಬೇರಿಂಗ್ ಹಾಕಿ ವೆಲ್ಡ್ ಮಾಡಿದರೆ ಕರೆಂಟ್ ಅದರ ಮೂಲಕ ಹರಿದು ಒಳಗೆ ಕಿಡಿ ಹಾರಿ ಚುಕ್ಕೆ ಬೀಳುತ್ತದೆ. ಹೊಸ ಬೇರಿಂಗ್ ಮೊದಲ ದಿನವೇ ಹಾಳು.

ಪಟ್ಟಿ ಹಾಕಿದಮೇಲೆ ಒಳಗಿನ ಜಾಗ 52, ರೋಲರ್ 47. ಐದು ಎಂಎಂ ಆಟ ಉಳಿಯಿತು. ರೋಲರ್ ಒಂದು ಹೊತ್ತಿಗೆ ಒಂದೇ ಫ್ಲೇಂಜ್ ಮುಟ್ಟಬೇಕು. ಎರಡೂ ಮುಟ್ಟಿದರೆ ಉರುಳುವುದಿಲ್ಲ, ಉಜ್ಜುತ್ತದೆ.

ಪಟ್ಟಿಯಿಂದ ರೋಲರ್ ತುದಿ 8 ಎಂಎಂ ಎತ್ತರಿಸಿತು, ಹಲಗೆ ವಾಲಿತು. ಇದನ್ನು ಮೊದಲೇ ಯೋಚಿಸಿರಲಿಲ್ಲ. ಹಿಂಜ್ ಬ್ರಾಕೆಟ್‌ಗಳು ಬೋಲ್ಟ್ ಹಾಕಿದವಾದ್ದರಿಂದ ಬಚಾವ್. ಮೇಲಿನದಕ್ಕೂ ಕೆಳಗಿನದಕ್ಕೂ ಅದೇ 8 ಎಂಎಂ ಪ್ಯಾಕಿಂಗ್ ಕೊಟ್ಟೆ. ಟೇಬಲ್ ಮುಚ್ಚಿದಾಗಿನ ಎತ್ತರ ಒಟ್ಟು 16 ಎಂಎಂ ಜಾಸ್ತಿಯಾಯಿತು. ಇಲ್ಲಿ ಅದರಿಂದ ತೊಂದರೆ ಇಲ್ಲ. ನಿಮ್ಮಲ್ಲಿ ಟ್ರಾಲಿ ಎತ್ತರಕ್ಕೆ ಹೊಂದಿಸಿದ ಟೇಬಲ್ ಇದ್ದರೆ ಮೊದಲೇ ಅಳೆಯಿರಿ.

ಜೋಡಣೆ ಮತ್ತು ಪರೀಕ್ಷೆ

ರೋಲರ್‌ಗಳನ್ನು ಹಾಕಿ, ಖಾಲಿ ಹಲಗೆಯನ್ನು ಇಳಿಸಿ, ಪ್ರತಿ ರೋಲರ್ ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಿದೆ. ಕೆಳಗಿನ ಬಲ ರೋಲರ್ ಮುಟ್ಟುತ್ತಲೇ ಇರಲಿಲ್ಲ. 0.6 ಎಂಎಂ ಸಂದು. ಅಂದರೆ ಖಾಲಿ ಇದ್ದಾಗ ಎಡದ್ದೇ ಎಲ್ಲ ಹೊರುತ್ತಿತ್ತು. ಸೀಳಿದ್ದೂ ಎಡದ್ದೇ ಅಲ್ವಾ! ಬಲ ಪಟ್ಟಿಯ ವೆಲ್ಡ್ ಕೊರೆದು, ಉದ್ದಕ್ಕೂ 0.5ರ ಶಿಮ್ ಕೊಟ್ಟು, ಮತ್ತೆ ವೆಲ್ಡ್ ಹಾಕಿದೆ. ವೆಲ್ಡ್‌ಗೆ ಮುಂಚೆ ರೋಲರ್ ಮತ್ತೆ ಬಿಚ್ಚಬೇಕಾಯಿತು, ಅರ್ಧ ದಿನ ಹೋಯಿತು. ಹಾಕಿ ನೋಡಿದಾಗ 0.1ರ ಗೇಜ್ ಕಷ್ಟಪಟ್ಟು ಹೋಗುತ್ತಿತ್ತು. ಹೊರೆ ಬಿದ್ದರೆ ಅದೂ ಮುಚ್ಚುತ್ತದೆ. ಈ ಒಂದು ಕೆಲಸ ಬೇರಿಂಗ್ ಆಯ್ಕೆಯಷ್ಟೇ ಮುಖ್ಯ ಅಂತ ನನಗೆ ಅನ್ನಿಸಿದೆ.

ಆಮೇಲೆ ಪಟ್ಟಿಗೆ ತೆಳುವಾಗಿ ಬ್ಲೂ (ಮುಟ್ಟಿದ ಜಾಗ ತೋರಿಸುವ ನೀಲಿ ಬಣ್ಣ) ಹಚ್ಚಿ, 250 ಕಿಲೋ ಇಟ್ಟು ಒಂದು ಸಲ ಎತ್ತಿ ಇಳಿಸಿದೆ. ಮೂರು ರೋಲರ್‌ಗಳ ಗೆರೆ ನಡುವೆ ಬಂತು. ಮೇಲಿನ ಎಡದ್ದು ಹೊರ ಅಂಚಿನ ಕಡೆಗೆ ಸರಿದಿತ್ತು, ಆದರೂ ಅಂಚಿನಿಂದ 5 ಎಂಎಂ ಒಳಗೆ. ತೋಳಿನ ತಿರುಚು ಅದು. ನೇರ ಮೈಯದಾಗಿದ್ದರೆ ಇಲ್ಲಿ ಅಂಚೇ ಕಚ್ಚುತ್ತಿತ್ತು. ಉಬ್ಬು ತೆಗೆದುಕೊಂಡದ್ದಕ್ಕೆ ಸಮಾಧಾನವಾಯಿತು.

ಗ್ರೀಸ್ ಇಪಿ (ಭಾರೀ ಒತ್ತಡ ತಡೆಯುವ) ದರ್ಜೆಯದು, ಎರಡನೇ ನಂಬರ್ ಗಟ್ಟಿ. ಕೇಜ್ ಇಲ್ಲದ ರೋಲರ್‌ಗಳು ಪಕ್ಕಪಕ್ಕದಲ್ಲಿ ಒಂದನ್ನೊಂದು ಉಜ್ಜುತ್ತವೆ, ಅವಕ್ಕೆ ಗ್ರೀಸ್ ಬೇಗ ಬೇಗ ಬೇಕು. ತಿಂಗಳಿಗೆ ಒಂದು ಸಲ, ಹೊರೆ ಇಳಿಸಿ, ಹೊಸ ಗ್ರೀಸ್ ಅಂಚಿನಲ್ಲಿ ಕಾಣುವ ತನಕ. ನಿಪ್ಪಲ್‌ಗಳು ಹಿಂಬದಿಗೆ ಇರುವುದರಿಂದ ನಿಂತುಕೊಂಡೇ ಗನ್ ಹಿಡಿಯಬಹುದು. ಕೈಗೆ ಸಿಗದ ನಿಪ್ಪಲ್‌ಗೆ ಯಾರೂ ಗ್ರೀಸ್ ಹೊಡೆಯುವುದಿಲ್ಲ.

500, ಆಮೇಲೆ 800, ಆಮೇಲೆ 1000 ಕಿಲೋ. ಪ್ರತಿ ಹಂತದಲ್ಲೂ ಐದೈದು ಸಲ ಎತ್ತಿಳಿಸಿ, ನಟ್‌ಗಳ ಮೇಲಿನ ಬಣ್ಣದ ಗೆರೆ ಸರಿದಿದೆಯಾ ನೋಡಿದೆ. ಸರಿದಿರಲಿಲ್ಲ. ಟಕ್ ಅನ್ನುವ ಸದ್ದು ಪೂರ್ತಿ ಎತ್ತರದಲ್ಲೂ ಬರಲಿಲ್ಲ.

ಈಗ ನಾಲ್ಕು ತಿಂಗಳಾಯಿತು. ಮೊನ್ನೆ ಆಸರೆ ಕೊಟ್ಟು ಕೆಳಗಿನ ಎಡ ರೋಲರ್ ಬಿಚ್ಚಿ ನೋಡಿದೆ, ಕೈಯಲ್ಲಿ ನುಣ್ಣಗೆ ತಿರುಗಿತು. ಪಟ್ಟಿಯ ಮೇಲೆ ಒಂದು ಹೊಳಪಿನ ಗೆರೆ ಇದೆ. ಕ್ಯಾಲಿಪರ್ ಇಟ್ಟರೆ ಅಗಲ 8 ಎಂಎಂ ಮತ್ತು ಸ್ವಲ್ಪ. ಉಗುರು ಎಳೆದರೆ ಹಳ್ಳ ಸಿಗಲಿಲ್ಲ. ಮೇಲಿನ ಎಡದ ಗ್ರೀಸ್ ಮಾತ್ರ ಉಳಿದವಕ್ಕಿಂತ ಕಪ್ಪಾಗಿ ಬಂತು. ಆ ತೋಳಿನ ತಿರುಚು ಇನ್ನೂ ಹಾಗೇ ಇದೆ. ಮುಂದಿನ ಸಲ ನಡುವಿನ ಪಿನ್‌ನ ಬುಶ್ ಬಿಚ್ಚಿ ನೋಡಬೇಕು.